ದೂರದ ಈಡಿಗೆ ಯಾವ ಗುಂಡು? ಪ್ರೇರಿ ಡಾಗ್ ಬೇಟೆಯ ಲೆಕ್ಕಾಚಾರ

ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿ ಅಚ್ಚಾಗಿರುವ ವೇಗ ನೋಡಿ ಗುಂಡು ಆರಿಸುವವರೇ ಹೆಚ್ಚು. ದೂರದ ವಾರ್ಮಿಂಟ್ (ಪೀಡೆ ಪ್ರಾಣಿಗಳ) ಬೇಟೆಯಲ್ಲಿ ಎಲ್ಲಕ್ಕಿಂತ ಕಡಿಮೆ ಉಪಯೋಗಕ್ಕೆ ಬರುವ ಸಂಖ್ಯೆಯೂ ಅದೇ. ಅದು ನಳಿಗೆಯ ಬಾಯಲ್ಲಿನ ವೇಗ. ಪ್ರಾಣಿ ನಿಂತಿರುವುದು 400 ಗಜ ಆಚೆ. ಅಲ್ಲಿ ನಡೆಯುವುದನ್ನು ತೀರ್ಮಾನಿಸುವ ಸಂಗತಿಗಳು ಮೂರು: ಗುಂಡು ನಿಮ್ಮ ನಳಿಗೆಯಲ್ಲಿ ಸ್ಥಿರವಾಗಿ ತಿರುಗುತ್ತದೆಯೇ, ಗಾಳಿ ಅದನ್ನು ಎಷ್ಟು ತಳ್ಳುತ್ತದೆ, ತಗಲಿದ ಮೇಲೆ ಅದು ಒಡೆಯುತ್ತದೆಯೇ. ಪೇಚೇನೆಂದರೆ, ಗಾಳಿಯನ್ನು ಚೆನ್ನಾಗಿ ಸೀಳುವ ಗುಂಡು ಸಾಮಾನ್ಯವಾಗಿ ಒಡೆಯುವುದಿಲ್ಲ, ಚೆನ್ನಾಗಿ ಒಡೆಯುವ ಗುಂಡು ಗಾಳಿಗೆ ಸೋಲುತ್ತದೆ. ಆಯ್ಕೆಯ ಕಷ್ಟವೆಲ್ಲ ಇಷ್ಟರಲ್ಲೇ ಇದೆ.

ಮೊದಲು ಮಾತು ಸ್ಪಷ್ಟವಾಗಲಿ. ಗುಂಡು ಅಂದರೆ ನಳಿಗೆಯಿಂದ ಹಾರುವ ತುಂಡು ಮಾತ್ರ. ಹಿತ್ತಾಳೆ ಕೋಶ, ಮದ್ದಿಗೆ ಕಿಡಿ ಕೊಡುವ ಪ್ರೈಮರ್, ಮದ್ದು, ಗುಂಡು ಎಲ್ಲ ಸೇರಿದ್ದು ತೋಟೆ. ಗುಂಡಿನ ತೂಕಕ್ಕೆ ಗ್ರೇನ್ ಲೆಕ್ಕ. ಒಂದು ಪೌಂಡಿಗೆ 7,000 ಗ್ರೇನ್. ವಾರ್ಮಿಂಟ್ ಅಂದರೆ ಅಮೆರಿಕದ ಹುಲ್ಲುಗಾವಲು, ಹೊಲಗಳಲ್ಲಿ ಪೀಡೆಯೆಂದು ಎಣಿಸುವ ಪ್ರಾಣಿಗಳು: ಪ್ರೇರಿ ಡಾಗ್, ನೆಲದ ಅಳಿಲು, ವುಡ್‌ಚಕ್, ಕಯೋಟಿ. ಹೆಸರಿನಲ್ಲಿ ನಾಯಿ ಇದ್ದರೂ ಪ್ರೇರಿ ಡಾಗ್ ಅಳಿಲಿನ ಬಳಗದ್ದು. ತೂಕ 1ರಿಂದ 3 ಪೌಂಡ್. ಬಿಲದ ಬಾಯಲ್ಲಿ ನೆಟ್ಟಗೆ ನಿಂತಾಗ ಎತ್ತರ ಒಂದಡಿ ಇದ್ದರೂ ಅಗಲ ಮೂರು ನಾಲ್ಕು ಇಂಚು ಅಷ್ಟೆ. ಆದ್ದರಿಂದಲೇ ಇಲ್ಲಿ ಎತ್ತರದ ತಪ್ಪಿಗೆ ಸ್ವಲ್ಪ ಕ್ಷಮೆ ಇದೆ, ಅಡ್ಡ ತಪ್ಪಿಗೆ ಇಲ್ಲ. ಅಡ್ಡ ತಪ್ಪು ತರುವುದು ಗಾಳಿ.

ಗುಂಡಿಗಿಂತ ಮುಂಚೆ ನಿಮ್ಮ ನಳಿಗೆಯ ತಿರುವು, ಅಂದರೆ ಗುಂಡನ್ನು ತಿರುಗಿಸಲು ಒಳಗೆ ಕೊರೆದ ಸುರುಳಿ ತೋಡುಗಳ ಬಿಗಿ, ಗೊತ್ತಿರಬೇಕು. 1:12 ಎಂದರೆ 12 ಇಂಚು ಸಾಗುವಷ್ಟರಲ್ಲಿ ಗುಂಡು ಒಂದು ಸುತ್ತು ತಿರುಗುತ್ತದೆ. ಸಾಮಾನ್ಯವಾಗಿ ಇದನ್ನು ನಳಿಗೆಯ ಮೇಲೆ ಕೆತ್ತಿರುತ್ತಾರೆ. ಇಲ್ಲದಿದ್ದರೆ, ಅಥವಾ ಹಳೆಯ ಕೋವಿಯಾದರೆ, ನೀವೇ ಅಳೆಯಿರಿ. ಕೋವಿ ಖಾಲಿ ಇದೆಯೆಂದು ಖಚಿತಪಡಿಸಿಕೊಳ್ಳಿ. ಹಿಡಿಯಲ್ಲಿ ಬೇರಿಂಗ್ ಇರುವ ಶುಚಿ ಕಡ್ಡಿಗೆ ಬಟ್ಟೆ ಚೂರನ್ನು ಬಿಗಿಯಾಗಿ ಸಿಗಿಸಿ ನಳಿಗೆಯೊಳಗೆ ತಳ್ಳಿ. ಬಟ್ಟೆ ಆ ತೋಡುಗಳನ್ನು ಹಿಡಿದ ಮೇಲೆ ಕಡ್ಡಿಯ ಮೇಲೆ ಒಂದು ಗುರುತು ಹಾಕಿ. ನಿಧಾನಕ್ಕೆ ತಳ್ಳುತ್ತಾ ಹೋಗಿ. ಆ ಗುರುತು ಒಂದು ಪೂರ್ತಿ ಸುತ್ತು ತಿರುಗುವಷ್ಟರಲ್ಲಿ ಕಡ್ಡಿ ಎಷ್ಟು ಇಂಚು ಒಳಗೆ ಹೋಯಿತೋ ಅದೇ ನಿಮ್ಮ ತಿರುವು. ಮೂರು ಸಲ ಮಾಡಿ. ಬಟ್ಟೆ ಸಡಿಲವಾಗಿ ಜಾರಿದರೆ ಲೆಕ್ಕ ಕೆಡುತ್ತದೆ.

ಗುಂಡನ್ನು ಸ್ಥಿರಗೊಳಿಸಲು ಬೇಕಾದ ತಿರುವನ್ನು ನಿರ್ಧರಿಸುವುದು ತೂಕವಲ್ಲ, ಉದ್ದ. ಒಂದೇ ವ್ಯಾಸದ ಸೀಸದ ಗುಂಡುಗಳಲ್ಲಿ ತೂಕ ಹೆಚ್ಚಿದಷ್ಟು ಉದ್ದವೂ ಹೆಚ್ಚುವುದರಿಂದ ಜನ ತೂಕದಲ್ಲೇ ಮಾತಾಡುತ್ತಾರೆ; ಪ್ಲಾಸ್ಟಿಕ್ ತುದಿಯ ಗುಂಡು, ಸೀಸವಿಲ್ಲದ ಗುಂಡು ಬಂದಾಗ ಆ ಲೆಕ್ಕ ಕೈಕೊಡುತ್ತದೆ. .22-250 ರೆಮಿಂಗ್ಟನ್ ಮತ್ತು .220 ಸ್ವಿಫ್ಟ್ ಎಂಬ ತೋಟೆಗಳ ಕೋವಿಗಳಲ್ಲಿ ಬಹುಕಾಲದಿಂದ ಇರುವುದು 1:14. ಅದಕ್ಕೆ 55 ಗ್ರೇನ್‌ನ ಮೋಟು ಗುಂಡಿನವರೆಗೆ ತೊಂದರೆಯಿಲ್ಲ. ಆದರೆ ಹಾರ್ನಡಿ ಕಂಪನಿಯ 53 ಗ್ರೇನ್ ವಿ-ಮ್ಯಾಕ್ಸ್ ಗುಂಡು ಎರಡು ಗ್ರೇನ್ ಹಗುರವಾಗಿದ್ದರೂ ಉದ್ದವಾಗಿ, ಸಪೂರವಾಗಿದೆ. ಅದನ್ನು 1:14ರಲ್ಲಿ ನೆಚ್ಚಬೇಡಿ, 1:12 ಆದರೂ ಬೇಕು. .223 ರೆಮಿಂಗ್ಟನ್‌ನಲ್ಲಿ 1:12, 1:9, 1:8, 1:7 ಎಲ್ಲವೂ ಸಿಗುತ್ತವೆ. ಹಾಗಾಗಿ '.223ಗೆ ಯಾವ ಗುಂಡು ಒಳ್ಳೆಯದು' ಎಂಬ ಪ್ರಶ್ನೆಗೆ ತಿರುವು ಹೇಳದೆ ಉತ್ತರವೇ ಇಲ್ಲ.

ತಿರುವಿನಿಂದ ಒಂದು ತೋಟೆಯ ಹಣೆಬರಹವೇ ಬದಲಾದದ್ದುಂಟು. 1955ರಲ್ಲಿ ರೆಮಿಂಗ್ಟನ್ ತನ್ನ .244 ಅನ್ನು ಹಗುರ ವಾರ್ಮಿಂಟ್ ಗುಂಡುಗಳನ್ನು ಮನಸ್ಸಿನಲ್ಲಿಟ್ಟು 1:12 ತಿರುವಿನಲ್ಲಿ ತಂದಿತು. ಅದೇ ವರ್ಷ ವಿಂಚೆಸ್ಟರ್ .243 ಅನ್ನು 1:10ರಲ್ಲಿ ತಂದಿತು. ವ್ಯಾಸ ಒಂದೇ. .243ರಲ್ಲಿ ಜಿಂಕೆಗೆ ಬೇಕಾದ 100 ಗ್ರೇನ್ ಗುಂಡೂ ಓಡುತ್ತಿತ್ತು. ಜನ ಅದನ್ನೇ ಕೊಂಡರು. 1963ರಲ್ಲಿ ರೆಮಿಂಗ್ಟನ್ ಅದೇ ತೋಟೆಗೆ 6 ಮಿ.ಮೀ. ರೆಮಿಂಗ್ಟನ್ ಎಂದು ಹೆಸರಿಟ್ಟು 1:9 ತಿರುವು ಕೊಟ್ಟರೂ ಹೋದ ಗಿರಾಕಿ ವಾಪಸ್ ಬರಲಿಲ್ಲ.

ತಿರುವು ಸಾಲದಿದ್ದರೆ ಗುರಿ ಕಾಗದದಲ್ಲಿ ತೂತು ದುಂಡಗಿರುವ ಬದಲು ಉದ್ದುದ್ದವಾಗಿ ಬೀಳುತ್ತದೆ. ಗುಂಡು ಓಲಾಡುತ್ತಾ, ಇಲ್ಲವೇ ಅಡ್ಡಡ್ಡ ಹೋಗಿದೆ ಎಂದರ್ಥ. ಅಂಚಿನಲ್ಲಿರುವ ಜೋಡಿಗಳು ಇನ್ನೂ ಮೋಸ. ವಯೋಮಿಂಗ್‌ನ ಐದಾರು ಸಾವಿರ ಅಡಿ ಎತ್ತರದಲ್ಲಿ, ಬೇಸಿಗೆಯ ತೆಳು ಗಾಳಿಯಲ್ಲಿ ಚೆಂದ ಗುಂಪು ಕಟ್ಟಿದ (ತೂತುಗಳು ಒತ್ತೊತ್ತಾಗಿ ಬಿದ್ದ) ಗುಂಡು, ಸಮುದ್ರಮಟ್ಟದ ಚಳಿಯ ದಟ್ಟ ಗಾಳಿಯಲ್ಲಿ ಚೆಲ್ಲಾಪಿಲ್ಲಿಯಾಗಬಹುದು.

ತಿರುವು ಹೆಚ್ಚಾದರೂ ಕಷ್ಟವಿದೆ. ಸೆಕೆಂಡಿಗೆ ಅಡಿಯಲ್ಲಿರುವ ವೇಗವನ್ನು 720ರಿಂದ ಗುಣಿಸಿ, ತಿರುವಿನ ಇಂಚಿನಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದು ಸಿಗುತ್ತದೆ. 3,240 ಅಡಿ ವೇಗದ ಗುಂಡು 1:12ರಲ್ಲಿ 1,94,400 ಸುತ್ತು, 1:9ರಲ್ಲಿ 2,59,200, 1:7ರಲ್ಲಿ 3,33,000ಕ್ಕೂ ಮೇಲೆ. ವಾರ್ಮಿಂಟ್ ಗುಂಡಿನ ಜಾಕೆಟ್, ಅಂದರೆ ತಾಮ್ರದ ಹೊರಕವಚ, ಬೇಕೆಂದೇ ತೆಳುವಾಗಿ ಮಾಡಿದ್ದು. ಮೂರು ಲಕ್ಷ ದಾಟಿದ ಮೇಲೆ ಅತಿ ತೆಳು ಜಾಕೆಟ್ಟಿನ ಗುಂಡುಗಳು ಗುರಿ ಮುಟ್ಟುವ ಮೊದಲೇ ಗಾಳಿಯಲ್ಲಿ ಸಿಡಿದುಹೋಗುವ ಅಪಾಯ ಶುರು. ಹಾರ್ನಡಿಯ ಎಸ್‌ಎಕ್ಸ್ ಮಾದರಿಯವು ಇದಕ್ಕೆ ಹೆಸರಾದವು; ಅವು ಹಾರ್ನೆಟ್‌ನಂಥ ನಿಧಾನದ ತೋಟೆಗಳಿಗೂ ನಿಧಾನ ತಿರುವುಗಳಿಗೂ ಹೊಂದುವಂಥವು, 1:7ರ .223ಗೆ ಅಲ್ಲ. ಲಕ್ಷಣ ಗುರುತಿಸುವುದು ಸುಲಭ: ಐದು ಈಡಿನಲ್ಲಿ ಎರಡಕ್ಕೆ ತೂತೇ ಇಲ್ಲ, ನಡುದಾರಿಯಲ್ಲಿ ಬೂದು ಬಣ್ಣದ ಹೊಗೆಯ ಎಳೆ, ಕೆಲವೊಮ್ಮೆ ತೂತಿನ ಸುತ್ತ ಸೀಸದ ಬೂದು ಚಿಮುಕು. ಹಾಗಾದರೆ ವೇಗವನ್ನು 200 ಅಡಿಯಷ್ಟು ಇಳಿಸಿ, ಇಲ್ಲವೇ ಜಾಕೆಟ್ ಗಟ್ಟಿ ಇರುವ ಗುಂಡಿಗೆ ಬನ್ನಿ. ಬಿಸಿಯಾದ, ಗಲೀಜಾದ, ಗಂಟಲು (ತೋಟೆ ಕೂರುವ ಜಾಗದ ಮುಂದಿನ ಭಾಗ) ಸವೆದು ಒರಟಾದ ನಳಿಗೆ ಜಾಕೆಟ್ಟನ್ನು ಇನ್ನಷ್ಟು ಗೀರುತ್ತದೆ. ಬೆಳಿಗ್ಗೆ ಸರಿಯಿದ್ದ ತೋಟೆ ಮಧ್ಯಾಹ್ನ ಸಿಡಿಯಲು ಕಾರಣ ಹೆಚ್ಚಾಗಿ ಇದೇ.

ಈಗ ಗಾಳಿಯ ಲೆಕ್ಕ. ಗಾಳಿ ಗುಂಡನ್ನು ತಳ್ಳುವ ದೂರ ಗುಂಡಿನ ಹಾರಾಟದ ಸಮಯವನ್ನಷ್ಟೇ ಅವಲಂಬಿಸಿದ್ದಲ್ಲ. ವೇಗ ಒಂದಿಷ್ಟೂ ಕುಗ್ಗದೆ ಹೋಗಿದ್ದರೆ ಹಿಡಿಯುತ್ತಿದ್ದ ಸಮಯಕ್ಕೂ ನಿಜವಾಗಿ ಹಿಡಿದ ಸಮಯಕ್ಕೂ ಇರುವ ವ್ಯತ್ಯಾಸವನ್ನು ಗಾಳಿಯ ವೇಗದಿಂದ ಗುಣಿಸಬೇಕು. ಅಂದರೆ ಎಷ್ಟು ವೇಗವಾಗಿ ಹೊರಟಿತು ಎಂಬುದಕ್ಕಿಂತ ದಾರಿಯಲ್ಲಿ ಎಷ್ಟು ವೇಗ ಕಳೆದುಕೊಂಡಿತು ಎಂಬುದೇ ಮುಖ್ಯ. ಆ ಕಳೆದುಕೊಳ್ಳುವಿಕೆಯ ಅಳತೆ ಬ್ಯಾಲಿಸ್ಟಿಕ್ ಕೋಎಫಿಶಿಯೆಂಟ್, ಚುಟುಕಾಗಿ ಬಿ.ಸಿ. ಹೆಚ್ಚಿದ್ದಷ್ಟು ಒಳ್ಳೆಯದು. ಕಂಪನಿಗಳು ಜಿ1, ಜಿ7 ಎಂಬ ಎರಡು ಅಳತೆಗೋಲು ಬಳಸುತ್ತವೆ. ಇದರದ್ದನ್ನು ಅದರದ್ದಕ್ಕೆ ಹೋಲಿಸಬೇಡಿ. ಕೆಳಗಿನವೆಲ್ಲ ಜಿ1.

.223ರಲ್ಲಿ 40 ಗ್ರೇನ್ ವಿ-ಮ್ಯಾಕ್ಸ್ ತೆಗೆದುಕೊಳ್ಳಿ, ಬಿ.ಸಿ. 0.200, ಹೊರಡುವ ವೇಗ 3,700 ಅಡಿ. ಪಕ್ಕದಲ್ಲಿ 55 ಗ್ರೇನ್, ಬಿ.ಸಿ. 0.255, ವೇಗ 3,240. ಹೊರಡುವಾಗ ಹಗುರದ್ದು 460 ಅಡಿ ಮುಂದಿದೆ. ಸಮುದ್ರಮಟ್ಟದ ಗಾಳಿಯಲ್ಲಿ 400 ಗಜ ತಲುಪುವ ಹೊತ್ತಿಗೆ ಎರಡರ ವೇಗವೂ ಸುಮಾರು 1,830 ಅಡಿಗೆ ಬಂದು ನಿಲ್ಲುತ್ತದೆ. ಡಬ್ಬಿಯ ಮೇಲಿನ ಆ 460 ಅಡಿ ಅಷ್ಟೂ ಗಾಳಿಪಾಲು. ಗಂಟೆಗೆ 10 ಮೈಲಿಯ ಅಡ್ಡಗಾಳಿ ಹಗುರದ್ದನ್ನು ಸುಮಾರು 24 ಇಂಚು, 55 ಗ್ರೇನನ್ನು 21–22 ಇಂಚು ತಳ್ಳುತ್ತದೆ.

ಹಾಗಾದರೆ ಭಾರದ ಗುಂಡೇ ಆಗಲಿ ಎಂದು 75 ಗ್ರೇನ್ ಇಎಲ್‌ಡಿ ಮ್ಯಾಚ್‌ಗೆ ಹೋದರೆ, ಬಿ.ಸಿ. 0.467. ನಿಧಾನಕ್ಕೆ, 2,750 ಅಡಿಯಲ್ಲಿ ಹೊರಟರೂ 400 ಗಜದಲ್ಲಿ ಇನ್ನೂ 2,000 ಅಡಿ ಉಳಿದಿರುತ್ತದೆ. ಗಾಳಿ ತಳ್ಳುವುದು 13 ಇಂಚು ಮಾತ್ರ. ಹಾರಾಟದ ಸಮಯ 55 ಗ್ರೇನ್‌ಗಿಂತ ಸೆಕೆಂಡಿನ ಐವತ್ತನೇ ಒಂದು ಭಾಗವಷ್ಟೇ ಹೆಚ್ಚು, ಆದ್ದರಿಂದ ಕೆಳಗೆ ಬೀಳುವುದರಲ್ಲೂ ದೊಡ್ಡ ಅಂತರವಿಲ್ಲ. ಇಷ್ಟನ್ನು ನೋಡಿದವರು 1:8ರ ನಳಿಗೆ ಹಾಕಿಸಿ ಮ್ಯಾಚ್ ಗುಂಡು ಕೊಂಡುಬಿಡುತ್ತಾರೆ. ಅಲ್ಲಿಯೇ ಎಡವುವುದು.

ಮ್ಯಾಚ್ ಗುಂಡು ಸ್ಪರ್ಧೆಯ ಗುರಿ ಕಾಗದಕ್ಕೆ ಮಾಡಿದ್ದು. ಒಂದೆರಡು ಪೌಂಡಿನ ಪ್ರಾಣಿಯ ಮೈಯಲ್ಲಿ ಅದಕ್ಕೆ ಒಡೆಯಲು ಬೇಕಾದಷ್ಟು ಎದುರೊತ್ತಡ ಸಿಗುವುದಿಲ್ಲ. ಸಣ್ಣ ತೂತು ಮಾಡಿ ಆಚೆ ಹೋಗುತ್ತದೆ. ಪ್ರಾಣಿ ಗಾಯಗೊಂಡು ಬಿಲ ಸೇರುತ್ತದೆ. ಇನ್ನೂ ಕೆಟ್ಟದ್ದು, ಒಡೆಯದ ಗುಂಡು ಗಟ್ಟಿ ನೆಲಕ್ಕೆ ಓರೆಯಾಗಿ ಬಡಿದು ಪುಟಿದು ಸಿಳ್ಳೆ ಹಾಕುತ್ತಾ ಎಲ್ಲಿಗೋ ಹಾರುತ್ತದೆ. ಸಮತಟ್ಟು ಹುಲ್ಲುಗಾವಲಿನಲ್ಲಿ, ಆಚೆ ದನ, ಬೇಲಿ, ಮನೆ ಇರುವ ಕಡೆ ಇದು ಆಟವಲ್ಲ. ಇಡೀ ತಾಮ್ರದ, ದೊಡ್ಡ ಪ್ರಾಣಿಗೆಂದು ಮಾಡಿದ ಗುಂಡುಗಳಿಗೂ ಇದೇ ಮಾತು. ಯಾವ ಗುಂಡಾದರೂ ಹಿಂದೆ ಮಣ್ಣಿನ ದಿಬ್ಬ ಇಲ್ಲದಿದ್ದರೆ ಈಡು ಬೇಡ, ಆದರೆ ಪುಟಿಯುವ ಗುಂಡಿಗೆ ದಿಬ್ಬವೂ ಪೂರ್ತಿ ಭರವಸೆಯಲ್ಲ.

ಒಡೆಯುವುದು ಹೇಗೆ? ವಿ-ಮ್ಯಾಕ್ಸ್, ನಾಸ್ಲರ್ ಬ್ಯಾಲಿಸ್ಟಿಕ್ ಟಿಪ್ ವಾರ್ಮಿಂಟ್, ಸಿಯೆರಾ ಬ್ಲಿಟ್ಜ್‌ಕಿಂಗ್ ಮೂರರದ್ದೂ ಹೆಚ್ಚುಕಡಿಮೆ ಒಂದೇ ಉಪಾಯ. ತೆಳು ಜಾಕೆಟ್, ಒಳಗೆ ಮೆತ್ತನೆ ಸೀಸ, ಮುಂದೆ ಟೊಳ್ಳು, ಆ ಟೊಳ್ಳಿನ ಬಾಯಿಗೆ ಪ್ಲಾಸ್ಟಿಕ್ ಮೊನೆ. ತಗಲಿದಾಗ ಮೊನೆ ಹಿಂದಕ್ಕೆ ನುಗ್ಗಿ ಬೆಣೆಯಂತೆ ಜಾಕೆಟ್ಟನ್ನು ಸೀಳುತ್ತದೆ. ಉಳಿದ ಕೆಲಸ ಸುತ್ತಿನದು. ಜಾಕೆಟ್ ಸೀಳಿದ ಕೂಡಲೇ ನಿಮಿಷಕ್ಕೆ ಎರಡು ಲಕ್ಷ ಸುತ್ತಿನ ಎಳೆತ ಚೂರುಗಳನ್ನು ಹೊರಕ್ಕೆಸೆಯುತ್ತದೆ. ಹಲವರು ಗಮನಿಸದ ಒಂದು ಸಂಗತಿ ಇಲ್ಲಿದೆ: ಮುಂದೆ ಸಾಗುವ ವೇಗ 400 ಗಜದಲ್ಲಿ ಶೇಕಡ 40ರಷ್ಟು ಇಳಿದರೂ ಸುತ್ತಿನ ವೇಗ ಅಷ್ಟು ಇಳಿಯುವುದಿಲ್ಲ. ಆದ್ದರಿಂದ ಗುಂಡು ತಾಳುವ ಮಿತಿಯೊಳಗೆ ತಿರುವು ಬಿಗಿಯಾಗಿದ್ದಷ್ಟು ದೂರದಲ್ಲಿ ಒಡೆಯುವುದು ಚೆನ್ನ. 1:14ರಲ್ಲಿ 400 ಗಜದಾಚೆ ಮಂಕಾಗುವ ಗುಂಡು 1:9ರಲ್ಲಿ ಇನ್ನೂ ಸಿಡಿಯುತ್ತದೆ.

ಎಷ್ಟು ವೇಗದವರೆಗೆ ಒಡೆಯುತ್ತದೆ ಎನ್ನುವುದು ಗುಂಡಿನಿಂದ ಗುಂಡಿಗೆ ಬೇರೆ. 2,000 ಅಡಿಗಿಂತ ಮೇಲೆ ತೆಳು ಜಾಕೆಟ್ಟಿನವು ನಂಬಿಕಸ್ಥ. ಅದರಿಂದ ಕೆಳಗಿಳಿದಂತೆಲ್ಲ ಪರೀಕ್ಷಿಸಿಯೇ ನಂಬಬೇಕು. ಪರೀಕ್ಷೆ ಸುಲಭ: ನೀರು ತುಂಬಿದ ಪ್ಲಾಸ್ಟಿಕ್ ಕ್ಯಾನುಗಳನ್ನು ಒಂದರ ಹಿಂದೊಂದು ಇಟ್ಟು, ನೀವು ನಿಜವಾಗಿ ಹೊಡೆಯಬೇಕೆಂದಿರುವ ದೂರದಿಂದಲೇ ಹೊಡೆಯಿರಿ. ಮೊದಲ ಕ್ಯಾನು ಚಿಂದಿಯಾಗಿ ಎರಡನೆಯದರಲ್ಲಿ ಬರೀ ಚೂರು ಸಿಕ್ಕರೆ ಒಳ್ಳೆಯದು. ಮೂರನೆಯದರಲ್ಲೂ ದುಂಡಗಿನ ತೂತಿದ್ದರೆ ಆ ದೂರ ಆ ಗುಂಡಿನದಲ್ಲ. 50 ಗಜದಲ್ಲಿ ಮಾಡಿದ ಇಂಥ ಪರೀಕ್ಷೆಗೆ ಬೆಲೆಯಿಲ್ಲ. ಅಲ್ಲಿ ಎಲ್ಲವೂ ಸಿಡಿಯುತ್ತವೆ.

ಈ ಎರಡು ಬೇಡಿಕೆಗಳು ಕೂಡುವ ಜಾಗಗಳು ಕೆಲವಿವೆ. 2004ರ .204 ರೂಗರ್ ಅಂಥದ್ದು. ಅದರ ಪ್ರಚಾರ ನಡೆದದ್ದು 32 ಗ್ರೇನ್ ಗುಂಡಿನ 4,225 ಅಡಿ ವೇಗದ ಮೇಲೆ. ನನ್ನ ಓಟು 40 ಗ್ರೇನ್ ವಿ-ಮ್ಯಾಕ್ಸ್‌ಗೆ. ಬಿ.ಸಿ. 0.275, ವೇಗ 3,900 ಅಡಿಯ ಆಸುಪಾಸು. 400 ಗಜದಲ್ಲಿ 2,400 ಅಡಿ ಉಳಿಯುತ್ತದೆ, ಅಂದರೆ ಒಡೆಯುವುದರಲ್ಲಿ ಅನುಮಾನವಿಲ್ಲ. 10 ಮೈಲಿ ಗಾಳಿಗೆ ಸರಿಯುವುದು 14–15 ಇಂಚು; 32 ಗ್ರೇನ್ ಆದರೆ 18. ಒದೆತ ಎಷ್ಟು ಕಡಿಮೆಯೆಂದರೆ ಗುಂಡು ತಗಲಿದ್ದನ್ನು ದುರ್ಬೀನಿನಲ್ಲೇ ನೋಡಬಹುದು. ಇದು ಶೋಕಿಯಲ್ಲ. ತಪ್ಪಿದರೆ ಎಷ್ಟು ತಪ್ಪಿತು, ಎತ್ತ ತಪ್ಪಿತು ಎಂದು ಕಂಡರೆ ಮಾತ್ರ ಮುಂದಿನ ಈಡನ್ನು ತಿದ್ದಲು ಸಾಧ್ಯ. .204 ಕೋವಿಗಳು ಹೆಚ್ಚಾಗಿ 1:12 ತಿರುವಿನವು, 40 ಗ್ರೇನ್‌ಗೆ ಅದು ಸಾಕು. 50 ಗ್ರೇನ್ ಮೇಲಿನ ಉದ್ದ ಗುಂಡುಗಳಿಗೆ ಸಾಲದು.

ಇನ್ನೊಂದು ಜಾಗ .243 ವಿಂಚೆಸ್ಟರ್‌ನ 87 ಗ್ರೇನ್ ವಿ-ಮ್ಯಾಕ್ಸ್. ಬಿ.ಸಿ. 0.400, 3,200 ಅಡಿಯಲ್ಲಿ ಹೊರಟರೆ 400 ಗಜಕ್ಕೆ 2,250, ಗಾಳಿ ತಳ್ಳುವುದು 12–13 ಇಂಚು. ಕಾಗದದ ಮೇಲೆ ಇದೇ ಗೆಲ್ಲುತ್ತದೆ. ಆದರೆ ಒದೆತಕ್ಕೆ ದುರ್ಬೀನು ಮೇಲೆದ್ದು ಗುರಿ ಕಾಣೆಯಾಗುತ್ತದೆ, ಮದ್ದು ಹೆಚ್ಚು ಉರಿಯುವುದರಿಂದ ನಳಿಗೆ ಬೇಗ ಕಾಯುತ್ತದೆ. ಪ್ರೇರಿ ಡಾಗ್ ಊರಿನಲ್ಲಿ (ಅವುಗಳ ಬಿಲಗಳು ಗುಂಪಾಗಿರುವ ಬಯಲಿನಲ್ಲಿ) ಒಂದು ದಿನಕ್ಕೆ ನೂರಾರು ಈಡು ಹೊಡೆಯುವವರಿಗೆ ಇದು ಬೇಗ ಗಂಟಲು ಸವೆಸುವ ದಾರಿ. ದಿನಕ್ಕೆ ಇಪ್ಪತ್ತು ಮೂವತ್ತು ದೂರದ ಈಡು ಸಾಕೆನ್ನುವವರಿಗೆ ಸರಿ. .243ರಲ್ಲಿ 58 ಗ್ರೇನ್ ಹಾಕಿ 3,750 ಅಡಿ ಓಡಿಸುವುದು ಮಾತ್ರ ನನಗೆ ಅರ್ಥವಾಗದ ಆಸೆ. 400 ಗಜಕ್ಕೆ ಅದು 50 ಗ್ರೇನ್‌ನ .22-250ರ ಸಮಸಮ, ಎರಡೂ 17–18 ಇಂಚು ಸರಿಯುತ್ತವೆ. ಒದೆತ ಮಾತ್ರ ಹೆಚ್ಚು.

ಈ ಇಂಚುಗಳ ಬೆಲೆ ಹೀಗೆ ತಿಳಿಯುತ್ತದೆ. ಗಾಳಿ 8 ಮೈಲಿಯೋ 9 ಮೈಲಿಯೋ ಎಂದು ಒಂದೇ ಒಂದು ಮೈಲಿ ತಪ್ಪು ಅಂದಾಜು ಮಾಡಿದಿರಿ. 55 ಗ್ರೇನ್ .223 ಗುಂಡು 400 ಗಜದಲ್ಲಿ 2.2 ಇಂಚು ಪಕ್ಕಕ್ಕೆ. ಪ್ರೇರಿ ಡಾಗಿನ ಅರ್ಧ ಅಗಲ ಒಂದೂವರೆಯಿಂದ ಎರಡು ಇಂಚು, ತಪ್ಪಿತು. 40 ಗ್ರೇನ್ .204 ಗುಂಡು 1.4 ಇಂಚು, ಅಂಚಿನಲ್ಲಿ ತಗಲಿತು. ಮೂರು ಮೈಲಿ ತಪ್ಪು ಅಂದಾಜಾದರೆ ಯಾವ ಗುಂಡೂ ಕೈಹಿಡಿಯುವುದಿಲ್ಲ.

ಅದಕ್ಕೂ ಮುಂಚೆ ಕೋವಿಯೇ ಗುಂಪು ಕಟ್ಟಬೇಕಲ್ಲ. ಒಂದು ಎಂ.ಒ.ಎ. (ಕೋನದ ಅಳತೆ, ಡಿಗ್ರಿಯ ಅರವತ್ತನೇ ಒಂದು ಭಾಗ) ಅಂದರೆ 100 ಗಜಕ್ಕೆ 1.047 ಇಂಚು, 400ಕ್ಕೆ 4.2 ಇಂಚು. ಅದು ಪ್ರಾಣಿಗಿಂತ ಅಗಲ. ಅರ್ಧ ಎಂ.ಒ.ಎ. ಬಂದರೆ ಮಾತ್ರ 400 ಗಜದ ಮಾತು. ಮೂರು ಈಡಿನ ಗುಂಪು ನೋಡಿ ಗುಂಡು ಆರಿಸಬೇಡಿ. ಮೂರು ಈಡು ಅದೃಷ್ಟಕ್ಕೂ ಒಂದೇ ತೂತಿಗೆ ಹೋಗುತ್ತವೆ. ನಳಿಗೆ ಆರಲು ಬಿಟ್ಟು ಹತ್ತು ಈಡು ಹೊಡೆಯಿರಿ, ಅತಿ ದೂರದ ಎರಡು ತೂತುಗಳ ನಡುವಿನ ಅಳತೆ ಹಿಡಿಯಿರಿ. ಎರಡು ಮೂರು ಬಗೆಯ ಗುಂಡುಗಳನ್ನು ಒಂದೊಂದು ಡಬ್ಬಿ ತಂದು ಹೀಗೆ ಹೋಲಿಸಿದ ಮೇಲೆಯೇ ದೊಡ್ಡ ಲೆಕ್ಕದಲ್ಲಿ ಕೊಳ್ಳಿ. 300 ಗಜದೊಳಗಾದರೆ ಚಪ್ಪಟೆ ಬುಡದ ಗುಂಡುಗಳು ಕೋವಿಯೊಡನೆ ಹೆಚ್ಚು ಜಗಳವಾಡದೆ ಗುಂಪು ಕಟ್ಟುತ್ತವೆ. ದೋಣಿ ಬುಡದ್ದರ (ಬುಡದ ಕಡೆ ಸಪೂರವಾಗುವುದರ) ಲಾಭ ಅದರಾಚೆ.

ಸ್ವತಃ ತೋಟೆ ತುಂಬುವವರಿಗೆ ಎರಡು ಎಚ್ಚರ. ಒಂದೇ ತೂಕದ ಎರಡು ಗುಂಡು ಒಂದೇ ಅಲ್ಲ. ನಳಿಗೆಯನ್ನು ಉಜ್ಜುವ ಮೈ ಉದ್ದವಿದ್ದರೆ ಒತ್ತಡ ಏರುತ್ತದೆ. ಗುಂಡು ಬದಲಾದರೆ ಆ ಗುಂಡಿನ ಕೈಪಿಡಿಯ ಆರಂಭದ ಮದ್ದಿನ ಪ್ರಮಾಣಕ್ಕೆ ಇಳಿದು ಮತ್ತೆ ಮೊದಲಿನಿಂದ ಬನ್ನಿ. ಎರಡನೆಯದು, ಗುಂಡನ್ನು ಕೋಶದಲ್ಲಿ ಕೂರಿಸುವ ಅಚ್ಚಿನ (ಡೈ) ಕಡ್ಡಿ ಪ್ಲಾಸ್ಟಿಕ್ ಮೊನೆಯನ್ನು ಒತ್ತುತ್ತಿದ್ದರೆ ಉದ್ದ ಒಂದೊಂದಕ್ಕೆ ಒಂದೊಂದು ಬರುತ್ತದೆ, ಮೊನೆಯೂ ಸೊಟ್ಟಗಾಗುತ್ತದೆ. ಕಡ್ಡಿ ಗುಂಡಿನ ಭುಜವನ್ನು, ಅಂದರೆ ಮೊನೆಯ ಹಿಂದಿನ ಬಾಗಿದ ಮೈಯನ್ನು, ಒತ್ತಬೇಕು. ಮ್ಯಾಗಜಿನ್‌ನಿಂದ ಓಡಿಸುವ .223 ತೋಟೆಯ ಒಟ್ಟು ಉದ್ದ 2.260 ಇಂಚು ಮೀರುವಂತಿಲ್ಲ. 75 ಗ್ರೇನ್ ಇಎಲ್‌ಡಿಯಂಥ ಉದ್ದ ಗುಂಡುಗಳನ್ನು ಅಷ್ಟರಲ್ಲಿ ಹಿಡಿಸಲು ಹೋದರೆ ಗುಂಡಿನ ಮೂಗೇ ಕೋಶದೊಳಗೆ ಇಳಿದುಬಿಡುತ್ತದೆ. ಅವು ಒಂದೊಂದಾಗಿ ತುಂಬುವ ಕೋವಿಗೆ.

ಕಯೋಟಿಗೆ ಲೆಕ್ಕ ಬೇರೆ. 20ರಿಂದ 50 ಪೌಂಡಿನ ಪ್ರಾಣಿ. ಭುಜದ ಮೂಳೆಗೆ ಬಡಿದರೆ ಅತಿ ತೆಳು ಗುಂಡು ಮೇಲ್ಮೈಯಲ್ಲೇ ಸಿಡಿದು ದೊಡ್ಡ ಗಾಯ ಮಾಡಿ ಒಳಗೆ ಹೋಗುವುದೇ ಇಲ್ಲ. .22-250ರಲ್ಲಿ 55 ಗ್ರೇನ್, ಭುಜದ ಹಿಂದಿನ ಪಕ್ಕೆಲುಬಿಗೆ ಇಟ್ಟ ಈಡು ಹದ. ತುಪ್ಪಳ ಬೇಕಾದವರಿಗೂ ಇದೇ, ಒಳಗೆ ಒಡೆದು ಆಚೆ ಬಾರದ ಗುಂಡು. ನೆಲದ ಅಳಿಲಿಗೆ ಇಷ್ಟೆಲ್ಲ ಬೇಕಿಲ್ಲ, 150 ಗಜದೊಳಗೆ .17 ಎಚ್‌ಎಂಆರ್‌ನ 17 ಗ್ರೇನ್ ಗುಂಡು ಸಾಕು.

ಸೀಸದ ವಿಚಾರ. ಗುಂಡು ಚೆನ್ನಾಗಿ ಒಡೆದಷ್ಟು ಕಳೇಬರದಲ್ಲಿ ಸೀಸದ ಪುಡಿ ಹೆಚ್ಚು. ಅದನ್ನು ತಿಂದ ಹದ್ದು, ಗಿಡುಗಗಳಿಗೆ ವಿಷ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಕೋವಿ ಹಿಡಿದು ಮಾಡುವ ಎಲ್ಲ ಬೇಟೆಗೂ ಸೀಸರಹಿತ ಗುಂಡೇ ಕಡ್ಡಾಯ. ಯೂಟಾ ಪ್ರೇರಿ ಡಾಗ್ ಅಳಿವಿನಂಚಿನ ಪ್ರಾಣಿಗಳ ಕಾಯಿದೆಯ ರಕ್ಷಣೆಯಲ್ಲಿದೆ, ಅದರ ತಂಟೆಗೆ ಹೋಗುವಂತಿಲ್ಲ. ಉಳಿದವಕ್ಕೆ ಪರವಾನಗಿ, ಋತು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಸೀಸರಹಿತದಲ್ಲಿ ಬಾರ್ನ್ಸ್ ವಾರ್ಮಿಂಟ್ ಗ್ರೆನೇಡ್ ತಾಮ್ರ ಮತ್ತು ತವರದ ಪುಡಿ ಒತ್ತಿ ಮಾಡಿದ ತಿರುಳಿನದು, ಅದ್ಭುತವಾಗಿ ಒಡೆಯುತ್ತದೆ. ತೊಂದರೆ ಇರುವುದು ಸಾಂದ್ರತೆಯಲ್ಲಿ. ಸೀಸಕ್ಕಿಂತ ಹಗುರವಾದ್ದರಿಂದ .224 ವ್ಯಾಸದಲ್ಲಿ 36 ಗ್ರೇನ್ ತೂಗಿದರೂ ಆ ತೂಕದ ಸೀಸದ ಗುಂಡಿಗಿಂತ ಉದ್ದ, ಬಿ.ಸಿ. ಮಾತ್ರ 0.15ರ ಹತ್ತಿರ. 250 ಗಜದವರೆಗೆ ಸುಖ. ಅದರಾಚೆ 40 ಗ್ರೇನ್ ಸೀಸದ ಗುಂಡಿಗಿಂತಲೂ ಗಾಳಿಗೆ ಮೊದಲು ಸೋಲುತ್ತದೆ, ಆದ್ದರಿಂದ ಸೀಸರಹಿತ ಬಳಸುವವರು ತಮ್ಮ ದೂರವನ್ನೇ ಕಡಿಮೆ ಮಾಡಿಕೊಳ್ಳಬೇಕು.

ಕೊನೆಗೆ ಡಬ್ಬಿಯ ಲಾಟ್ ಸಂಖ್ಯೆ, ಅಂದರೆ ಒಂದೇ ಸಲಕ್ಕೆ ತಯಾರಾದ ತಂಡದ ಗುರುತು. ಒಂದೇ ಹೆಸರಿನ ಗುಂಡು ಬೇರೆ ಲಾಟಿನಲ್ಲಿ ಬುಡದಿಂದ ಭುಜದವರೆಗಿನ ಉದ್ದದಲ್ಲಿ ಸಾವಿರದ ಕೆಲವು ಅಂಶ ಬೇರೆ ಬರಬಹುದು. ಸಾಧ್ಯವಾದರೆ ಋತುವಿಗೆ ಬೇಕಾದಷ್ಟನ್ನೂ ಒಂದೇ ಲಾಟಿನಲ್ಲಿ ಕೊಳ್ಳಿ. ಇಲ್ಲದಿದ್ದರೆ ಹೊಸ ಡಬ್ಬಿ ಒಡೆದಾಗ 100 ಗಜದಲ್ಲಿ ಐದು ಈಡು ಹೊಡೆದು ಶೂನ್ಯ (ದುರ್ಬೀನಿನ ಗುರಿಗೂ ಗುಂಡು ಬೀಳುವ ಜಾಗಕ್ಕೂ ಇರುವ ಹೊಂದಿಕೆ) ಸರಿಯಿದೆಯೇ ನೋಡಿ, ಆಮೇಲೆ 400ರಲ್ಲಿ ಇನ್ನೈದು ಹೊಡೆದು ಗುಂಡು ಕೆಳಗೆ ಬೀಳುವ ಅಳತೆ ಬ್ಯಾಲಿಸ್ಟಿಕ್ ಕ್ಯಾಲ್ಕುಲೇಟರ್ ಕೊಡುವ ಕೋಷ್ಟಕಕ್ಕೆ ಹೊಂದುತ್ತದೆಯೇ ನೋಡಿ. ಹೊಂದದಿದ್ದರೆ ಡಬ್ಬಿಯ ಮೇಲಿನ ಬಿ.ಸಿ. ಬಿಟ್ಟು, ನಿಮ್ಮ ಬೀಳುವ ಅಳತೆಗೆ ಹೊಂದುವ ಸಂಖ್ಯೆಯನ್ನೇ ಕ್ಯಾಲ್ಕುಲೇಟರಿಗೆ ಹಾಕಿ.